ಅಣ್ಣನ ಹೆಸರಿನ ಪಕ್ಕದಲ್ಲಿ ತಂಗಿಯ ಹೆಸರು

ಹೆಸರಿಡುವುದು ಹಿರಿಯರ ಕೆಲಸ, ಅದನ್ನು ಶಾಲೆ ಕಾಲೇಜಿನವರಿಗೆ ಹೇಳುವುದೇಕೆ ಎಂದು ನಿಮಗೆ ಅನಿಸಬಹುದು. ಆದರೆ ಮನೆಗಳಲ್ಲಿ ನಡೆಯುವುದೇ ಬೇರೆ. ಅಕ್ಕನಿಗೋ ಅತ್ತಿಗೆಗೋ ಎರಡನೆಯ ಮಗುವಾಗುತ್ತದೆ. 'ನೀನು ಓದುವವಳು, ಒಂದು ಚೆಂದದ ಹೆಸರು ಹುಡುಕಿ ಕೊಡೇ' ಎಂದು ಅಮ್ಮ ಆ ಜವಾಬ್ದಾರಿಯನ್ನು ನಿಮ್ಮ ತಲೆಗೇ ಕಟ್ಟುತ್ತಾರೆ. ನಮ್ಮಲ್ಲಿ ಅನೇಕ ಮನೆತನಗಳಲ್ಲಿ ತೊಟ್ಟಿಲ ಶಾಸ್ತ್ರದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಆ ಸೋದರತ್ತೆ ಎಷ್ಟೋ ಸಲ ಪಿ.ಯು.ಸಿ. ಅಥವಾ ಡಿಗ್ರಿ ಓದುತ್ತಿರುವ ಹುಡುಗಿಯೇ ಆಗಿರುತ್ತಾಳೆ.

ಮೊದಲ ಮಗುವಿಗೆ ಹೆಸರು ಹುಡುಕುವಾಗ ಇಡೀ ನಿಘಂಟು ನಿಮ್ಮೆದುರು ತೆರೆದಿರುತ್ತದೆ. ಎರಡನೆಯದಕ್ಕೆ ಆ ಸ್ವಾತಂತ್ರ್ಯವಿಲ್ಲ. ಮನೆಯಲ್ಲಿ ಆಗಲೇ ಒಂದು ಹೆಸರು ಓಡಾಡುತ್ತಿದೆ, ಹೊಸ ಹೆಸರು ಅದರ ಪಕ್ಕದಲ್ಲಿ ಕೂರಬೇಕು. 'ಹೊಂದಬೇಕು' ಎಂದು ಎಲ್ಲರೂ ಹೇಳುತ್ತಾರೆ. ಹೊಂದುವುದು ಎಂದರೇನು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ನನ್ನ ಇಂದಿನ ಮಾತು ಆ ಒಂದು ಪದದ ಬಗ್ಗೆ.

ನಮ್ಮ ಜನಕ್ಕೆ ಹೊಂದುವುದು ಎಂದರೆ ಮೊದಲು ನೆನಪಾಗುವುದು ಪ್ರಾಸ. ರಮೇಶನ ತಮ್ಮ ಸುರೇಶ, ಸುರೇಶನ ತಮ್ಮ ಮಹೇಶ, ಚಿಕ್ಕಪ್ಪನ ಮಗ ಉಮೇಶ. ಹೆಣ್ಣುಮಕ್ಕಳಾದರೆ ದಿವ್ಯ, ಭವ್ಯ, ನವ್ಯ, ಕಾವ್ಯ. ಇಲ್ಲವೆಂದರೆ ಮೊದಲ ಅಕ್ಷರ ಒಂದೇ ಇರಬೇಕು: ಶ್ರೀಕಾಂತನಿಗೆ ಶ್ರೀಧರ, ರಾಜೇಶನಿಗೆ ರಾಜೀವ. ಕೇಳಲು ಸೊಗಸಾಗಿದೆ, ಮದುವೆಯ ಕರೆಯೋಲೆಯಲ್ಲಿ ಅಚ್ಚು ಹಾಕಿದರೆ ನೋಡಲೂ ಸೊಗಸಾಗಿದೆ. ಆದರೆ ಹೆಸರು ಇರುವುದು ಕರೆಯೋಲೆಗಾಗಿ ಅಲ್ಲವಲ್ಲ. ಕರೆಯಲು ಇರುವುದು. ನಾನು ವಿಜ್ಞಾನ ಓದಿ ಆಮೇಲೆ ಮೈಕು, ಕ್ಯಾಮೆರಾಗಳ ನಡುವೆ ಸೇರಿದವನು. ಆದ್ದರಿಂದ ಹೆಸರನ್ನು ಮೊದಲು ಒಂದು ಶಬ್ದವಾಗಿ ನೋಡುತ್ತೇನೆ, ಅರ್ಥದ ಕಡೆಗೆ ಆಮೇಲೆ ಬರುತ್ತೇನೆ.

ಅಡುಗೆಮನೆಯಿಂದ ಅಮ್ಮ ಹಿತ್ತಲಲ್ಲಿರುವ ಮಗನನ್ನು ಕರೆಯುವುದನ್ನು ಗಮನಿಸಿ. 'ರಮೇಶಾ...' ಎನ್ನುತ್ತಾರೆ. ಕನ್ನಡದಲ್ಲಿ ಸಂಬೋಧನೆ ಎಂದರೆ ಕೊನೆಯ ಸ್ವರವನ್ನು ಎಳೆಯುವುದು. ಕೂಗಿನ ಬಲವೆಲ್ಲ ಆ ಕೊನೆಯ ಸ್ವರಕ್ಕೆ ಹೋಗುತ್ತದೆ. ಮೊದಲ ಅಕ್ಷರ ಗಾಳಿಯಲ್ಲಿ ತೇಲಿಹೋಗುತ್ತದೆ, ಕಿವಿಗೆ ಬಂದು ಮುಟ್ಟುವುದು '...ಏಶಾ'. ಈಗ ಅಣ್ಣತಮ್ಮಂದಿರ ಹೆಸರು ರಮೇಶ, ಸುರೇಶ ಎಂದಾದರೆ ಅವೆರಡರ ವ್ಯತ್ಯಾಸ ಇರುವುದು ಕೂಗಿನಲ್ಲಿ ಕಳೆದುಹೋಗುವ ಭಾಗದಲ್ಲಿ. ಜೋರಾಗಿ ಕೇಳಿಸುವ ಭಾಗ ಇಬ್ಬರಿಗೂ ಒಂದೇ. ಇಬ್ಬರೂ 'ಏನಮ್ಮಾ' ಎನ್ನುತ್ತಾರೆ, ಅಥವಾ 'ನನ್ನನ್ನಲ್ಲ, ಅವನನ್ನು' ಎಂದು ಇಬ್ಬರೂ ಸುಮ್ಮನಿರುತ್ತಾರೆ. ಎರಡನೆಯದೇ ಹೆಚ್ಚು ಎಂಬುದು ನಿಮಗೆ ಗೊತ್ತೇ ಇದೆ.

ಇದಕ್ಕೆ ಭೌತಶಾಸ್ತ್ರದ ಕಾರಣವೂ ಉಂಟು. ಮಾತಿನ ಶಕ್ತಿಯ ಬಹುಪಾಲು ಸ್ವರಗಳಲ್ಲಿರುತ್ತದೆ. ವ್ಯಂಜನಗಳು ಕ್ಷಣಿಕ, ದುರ್ಬಲ. 'ಸ'ಕಾರದ ಶಬ್ದಶಕ್ತಿ ಹೆಚ್ಚಾಗಿ ಸೆಕೆಂಡಿಗೆ 4,000 ಕಂಪನಗಳಿಗೂ ಮೇಲಿನ ಆವರ್ತದಲ್ಲಿ ಇರುತ್ತದೆ. ಹಳೆಯ ದೂರವಾಣಿ ತಂತಿಗಳು ಸಾಗಿಸುತ್ತಿದ್ದುದು 300ರಿಂದ 3,400ರವರೆಗಿನ ಕಂಪನಗಳನ್ನು ಮಾತ್ರ. ಆದ್ದರಿಂದ ಫೋನಿನಲ್ಲಿ ಹೆಸರು ಹೇಳುವಾಗ 'ಸ ಫಾರ್ ಸೀತಾ' ಎಂದು ಬಿಡಿಸಿ ಹೇಳುವ ಅಭ್ಯಾಸ ಬಂತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಎತ್ತರದ ಆವರ್ತಗಳನ್ನೇ. 'ಅಜ್ಜಿಗೆ ಕಿವಿ ಕೇಳಿಸುವುದಿಲ್ಲ' ಎನ್ನುತ್ತೇವೆ. ನಿಜವಾಗಿ ಅಜ್ಜಿಗೆ ಸ್ವರಗಳು ಚೆನ್ನಾಗಿಯೇ ಕೇಳಿಸುತ್ತಿರುತ್ತವೆ, ವ್ಯಂಜನಗಳು ಅಳಿಸಿಹೋಗಿರುತ್ತವೆ. ಅವರ ಪಾಲಿಗೆ ಅಮಿತಾ ಮತ್ತು ಅನಿತಾ ಒಂದೇ ಹೆಸರು.

ಸ್ಟುಡಿಯೋದಲ್ಲಿ ನಾವು ಇದನ್ನು ದಿನವೂ ಕಾಣುತ್ತೇವೆ. ಕಂಟ್ರೋಲ್ ರೂಮಿನಿಂದ ಹೆಡ್‌ಫೋನಿನಲ್ಲಿ ಆದೇಶ ಕೊಡುವಾಗ ಕ್ಯಾಮೆರಾದವರ ಹೆಸರು ಹಿಡಿದು ಕೂಗುವುದಿಲ್ಲ, ಕ್ಯಾಮೆರಾ ಒಂದು, ಎರಡು, ಮೂರು ಎಂದು ಸಂಖ್ಯೆಯಿಂದ ಕರೆಯುತ್ತೇವೆ. ವಿಮಾನದವರು ಇನ್ನೂ ಎಚ್ಚರದವರು. ಇಂಗ್ಲಿಷಿನ 'ಫೈವ್' ಮತ್ತು 'ನೈನ್' ಎರಡರಲ್ಲೂ ಸ್ವರ ಒಂದೇ. ಗದ್ದಲದ ರೇಡಿಯೋದಲ್ಲಿ ಅವು ಬೆರೆಯಬಾರದೆಂದು ಅವರು ಒಂಬತ್ತನ್ನು 'ನೈನರ್' ಎನ್ನುತ್ತಾರೆ. 1956ರಲ್ಲಿ ಜಾರಿಗೆ ಬಂದ 'ಆಲ್ಫಾ, ಬ್ರಾವೋ, ಚಾರ್ಲಿ' ಎಂಬ ಅಕ್ಷರಪದಗಳನ್ನೂ ಬೇರೆ ಬೇರೆ ಭಾಷೆಯವರ ಬಾಯಲ್ಲಿ ಹೇಳಿಸಿ, ಒಂದು ಇನ್ನೊಂದರಂತೆ ಕೇಳಿಸದ ಹಾಗೆ ಪರೀಕ್ಷಿಸಿ ಆರಿಸಿದರು.

ಕಂಪ್ಯೂಟರ್ ಓದುವ ವಿದ್ಯಾರ್ಥಿಗಳು ಹ್ಯಾಮಿಂಗ್ ಅಂತರದ ಬಗ್ಗೆ ಕೇಳಿರುತ್ತೀರಿ. ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ವಿಚಾರ ಅದು. ಎರಡು ಸಂಕೇತಗಳು ಎಷ್ಟು ಸ್ಥಾನಗಳಲ್ಲಿ ಬೇರೆಯಾಗಿವೆ ಎಂದು ಎಣಿಸುವುದು. ಅಂತರ ಕಡಿಮೆಯಿದ್ದರೆ ಒಂದು ಸಣ್ಣ ದೋಷ ಒಂದನ್ನು ಇನ್ನೊಂದನ್ನಾಗಿ ಮಾಡಿಬಿಡುತ್ತದೆ. ಹೆಸರುಗಳಿಗೆ ಇದನ್ನು ಹಚ್ಚಿ ನೋಡಿ. ಭವ್ಯ, ನವ್ಯ: ಒಂದೇ ಅಕ್ಷರದ ಅಂತರ, ಅದರಲ್ಲೂ ಸ್ವರದ ಅಂತರ ಸೊನ್ನೆ. ರಮೇಶ, ಮಹೇಶ: ಅಕ್ಷರಗಳೇನೋ ಎರಡು ಬೇರೆ, ಸ್ವರಗಳ ಸಾಲು ಮಾತ್ರ ತದ್ವತ್. ಕಾವೇರಿ, ತುಂಗಾ: ಎಲ್ಲವೂ ಬೇರೆ, ಉದ್ದವೂ ಬೇರೆ.

ಕಿವಿ ತಪ್ಪುವುದು ಒಂದು ಕಡೆ, ನಾಲಿಗೆ ತಪ್ಪುವುದು ಇನ್ನೊಂದು ಕಡೆ. ಅಮ್ಮ ನಿಮ್ಮನ್ನು ಕರೆಯಲು ಹೊರಟು ಮೊದಲು ತಂಗಿಯ ಹೆಸರು, ಆಮೇಲೆ ಅಣ್ಣನ ಹೆಸರು ಹೇಳಿ, ಮೂರನೆಯದಾಗಿ ನಿಮ್ಮ ಹೆಸರಿಗೆ ಬರುವುದುಂಟಷ್ಟೆ. ನಿಮಗೆ ಬೇಸರವಾಗುತ್ತದೆ. ಇದನ್ನೂ ಮನಶ್ಶಾಸ್ತ್ರಜ್ಞರು ಬಿಟ್ಟಿಲ್ಲ. 2013ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಝೆನ್ಝಿ ಗ್ರಿಫಿನ್ ಮತ್ತು ಥಾಮಸ್ ವಾಂಗರ್‌ಮನ್ ಒಂದು ಅಧ್ಯಯನ ಪ್ರಕಟಿಸಿದರು. ಒಡಹುಟ್ಟಿದವರ ಹೆಸರುಗಳ ಆರಂಭದ ಅಥವಾ ಕೊನೆಯ ಧ್ವನಿ ಒಂದೇ ಆಗಿದ್ದರೆ ತಂದೆತಾಯಿಗಳು ಹೆಸರು ಅದಲುಬದಲು ಮಾಡುವುದು ಹೆಚ್ಚು ಎಂದು ಅದರಲ್ಲಿ ಕಂಡುಬಂತು. 2016ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 1,700ಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಈ ತಪ್ಪು ಹೆಚ್ಚಾಗಿ ಒಂದೇ ಬಳಗದೊಳಗೆ ನಡೆಯುತ್ತದೆ, ಮಗಳನ್ನು ಕರೆಯಲು ಹೋಗಿ ಮಗನ ಹೆಸರು ಬರುತ್ತದೆಯೇ ಹೊರತು ಪಕ್ಕದ ಮನೆಯವರ ಹೆಸರು ಬರುವುದಿಲ್ಲ. ಹೆಸರುಗಳ ಧ್ವನಿ ಹತ್ತಿರವಿದ್ದರೆ ತಪ್ಪು ಇನ್ನಷ್ಟು ಸುಲಭ. ಆ ಬಳಗದಲ್ಲಿ ಸಾಕಿದ ನಾಯಿಯ ಹೆಸರೂ ಸೇರಿತ್ತು ಎಂಬುದು ಅವರ ವರದಿಯ ಸ್ವಾರಸ್ಯ. ಅಮ್ಮ ನಿಮ್ಮನ್ನು ನಾಯಿಯ ಹೆಸರಿನಿಂದ ಕರೆದರೆ, ನೀವು ಅವರ ಪ್ರೀತಿಯ ಪಟ್ಟಿಯಲ್ಲಿ ಇದ್ದೀರಿ ಎಂದು ತಿಳಿಯಿರಿ.

ಪ್ರಾಸ ನಮ್ಮ ಸಂಪ್ರದಾಯವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಪುರಾಣಗಳನ್ನು ತೆರೆದು ನೋಡೋಣ. ರಾಮ, ಲಕ್ಷ್ಮಣ, ಭರತ, ಶತ್ರುಘ್ನ. ವಸಿಷ್ಠರು ಇಟ್ಟ ಈ ನಾಲ್ಕರಲ್ಲಿ ಒಂದು ಇನ್ನೊಂದರಂತೆ ಕೇಳಿಸುವುದಿಲ್ಲ. ನಕುಲ, ಸಹದೇವ ಅವಳಿಗಳು, ಆದರೂ ಹೆಸರು ಬೇರೆ ಬೇರೆ. ಪಂಪ 941ರಲ್ಲಿ ಬರೆದ 'ಆದಿಪುರಾಣ'ದ ಭರತ, ಬಾಹುಬಲಿ ಹಾಗೆಯೇ. ಅವರ ತಂಗಿಯರಾದ ಬ್ರಾಹ್ಮಿ ಮತ್ತು ಸೌಂದರಿಯರೂ ಹಾಗೆಯೇ. ಹಾಗಾದರೆ ಪ್ರಾಸ ಯಾರ ಮನೆಯಲ್ಲಿದೆ? ಶುಂಭ, ನಿಶುಂಭ. ಚಂಡ, ಮುಂಡ. ಸುಂದ, ಉಪಸುಂದ. ಹಿರಣ್ಯಾಕ್ಷ, ಹಿರಣ್ಯಕಶಿಪು. ಎಲ್ಲ ಅಸುರರ ಮನೆಯಲ್ಲಿ! ಇದನ್ನು ನಿಯಮವೆಂದು ಹಿಡಿಯಬೇಡಿ. ಅಂಬೆ, ಅಂಬಿಕೆ, ಅಂಬಾಲಿಕೆಯರು ಕಾಶಿರಾಜನ ಕುಮಾರಿಯರು, ರಾವಣ ಕುಂಭಕರ್ಣರಲ್ಲಿ ಪ್ರಾಸವಿಲ್ಲ. ಆದರೂ ಈ ಪಟ್ಟಿಯನ್ನು ಪ್ರಾಸಪ್ರಿಯ ಸೋದರಮಾವಂದಿರ ಎದುರು ಒಮ್ಮೆ ಓದಿ ನೋಡಬಹುದು.

ನಮ್ಮ ಇತಿಹಾಸದಲ್ಲೇ ಇನ್ನೊಂದು ಚೆಂದದ ಉದಾಹರಣೆಯಿದೆ. ವಿಜಯನಗರ ಸ್ಥಾಪನೆಯ ಪಾಠದಲ್ಲಿ ಹಕ್ಕ-ಬುಕ್ಕ ಎಂದು ಓದಿದ್ದೀರಿ. ಸಂಗಮನಿಗೆ ಐವರು ಮಕ್ಕಳು: ಹರಿಹರ, ಬುಕ್ಕ, ಕಂಪಣ, ಮಾರಪ್ಪ, ಮುದ್ದಪ್ಪ. ಐದೂ ಬೇರೆ ಬೇರೆ ಧ್ವನಿ. ಹರಿಹರನನ್ನು ಹಕ್ಕನನ್ನಾಗಿಸಿ ತಮ್ಮನ ಪಕ್ಕದಲ್ಲಿ ಪ್ರಾಸಕ್ಕೆ ಕೂರಿಸಿದ್ದು ಜನರ ಬಾಯಿ. ಪ್ರಾಸ ಬೇಕೆಂದರೆ ಊರವರು ತಾವೇ ಮಾಡಿಕೊಳ್ಳುತ್ತಾರೆ. ಶಾಸನದಲ್ಲಿ, ಇಂದಿನ ಲೆಕ್ಕದಲ್ಲಿ ಅಂಕಪಟ್ಟಿಯಲ್ಲಿ, ಹೆಸರುಗಳು ಬೇರೆಯಾಗಿದ್ದರೆ ಸಾಕು.

ಹಿಂದಿನವರ ಪದ್ಧತಿಗಳಲ್ಲಿ ಈ ಅಂತರ ತಾನಾಗಿ ಬರುತ್ತಿತ್ತು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಎಂಬ ರೂಢಿಯಿರುವ ಮನೆಯಲ್ಲಿ ಅಣ್ಣ ನರಸಿಂಹನಾದರೆ ತಮ್ಮ ವೆಂಕಟಪ್ಪನಾಗುತ್ತಿದ್ದ. ಎರಡು ಬೇರೆ ಊರುಗಳಿಂದ ಬಂದ ಹೆಸರುಗಳು ಹೇಗೆ ಪ್ರಾಸವಾದಾವು?

ಜನ್ಮನಕ್ಷತ್ರದ ಅಕ್ಷರ ನೋಡುವ ಪದ್ಧತಿಯನ್ನು ಗಣಿತದ ಕಣ್ಣಿನಿಂದ ನೋಡಿ. ಅದರ ಫಲಾಫಲದ ಮಾತು ನನಗೆ ಬೇಡ, ಲೆಕ್ಕ ಮಾತ್ರ ಸೊಗಸಾಗಿದೆ. ನಕ್ಷತ್ರಗಳು 27, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಪಾದ, ಪಾದಕ್ಕೊಂದು ಅಕ್ಷರ. ಅಶ್ವಿನಿಗೆ ಚು, ಚೆ, ಚೊ, ಲ. ಚಂದ್ರ ಸುಮಾರು 27.3 ದಿನಗಳಲ್ಲಿ ಒಂದು ಸುತ್ತು ಮುಗಿಸುವುದರಿಂದ ಒಂದು ಪಾದಕ್ಕೆ ಸರಾಸರಿ ಆರು ಗಂಟೆ. ವರ್ಷಗಳ ಅಂತರದಲ್ಲಿ ಹುಟ್ಟಿದ ಇಬ್ಬರು ಮಕ್ಕಳು ಒಂದೇ ಪಾದಕ್ಕೆ ಬೀಳುವ ಸಂಭವ ಹೆಚ್ಚುಕಡಿಮೆ 108ರಲ್ಲಿ ಒಂದು. ಅಂದರೆ ಈ ಪದ್ಧತಿ ಒಡಹುಟ್ಟಿದವರ ಹೆಸರುಗಳನ್ನು ಚೀಟಿ ಎತ್ತಿದಂತೆ ದೂರ ದೂರ ಎಸೆಯುತ್ತದೆ. ಒಂದು ತೊಡಕು ಮಾತ್ರ ಇದೆ. ಆರ್ದ್ರೆಯ ಮೂರನೆಯ ಪಾದಕ್ಕೆ 'ಙ' ಬರುತ್ತದೆ. ಙಕಾರದಿಂದ ಮೊದಲಾಗುವ ಹೆಸರನ್ನು ಯಾವ ಪುರೋಹಿತರೂ ಇದುವರೆಗೆ ಇಟ್ಟದ್ದು ನಾನು ಕೇಳಿಲ್ಲ.

ಹಳ್ಳಿಗಳಲ್ಲಿ ಮಕ್ಕಳೆಲ್ಲರಿಗೂ ಒಂದೇ ಮನೆದೇವರ ಹೆಸರು ಇಡುವುದುಂಟು. ಮಲೆ ಮಹದೇಶ್ವರನ ಒಕ್ಕಲಾದರೆ ಅಣ್ಣ ದೊಡ್ಡಮಾದ, ತಮ್ಮ ಚಿಕ್ಕಮಾದ. ನಂಜನಗೂಡಿನ ಒಕ್ಕಲಾದರೆ ನಂಜಪ್ಪ, ನಂಜಮ್ಮ, ನಂಜುಂಡ. ಇದು ನಗರದವರಿಗೆ ನಗು ತರಿಸಬಹುದು. ಆದರೆ 'ದೊಡ್ಡ', 'ಚಿಕ್ಕ' ಎಂಬ ಗುರುತನ್ನು ಹೆಸರಿನ ಮುಂದೆ ಇಟ್ಟಿದ್ದಾರಲ್ಲ, ಗೊಂದಲ ಅವರಿಗೂ ಗೊತ್ತಿತ್ತು. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಂತೂ ಹುಟ್ಟಿದ ಕ್ರಮವೇ ಹೆಸರು: ಮೊದಲನೆಯದು ವಯನ್, ಎರಡನೆಯದು ಮಾದೆ, ಆಮೇಲೆ ನ್ಯೋಮನ್, ಕೆತುತ್. ಐದನೆಯದಕ್ಕೆ ಮತ್ತೆ ವಯನ್.

ಇಷ್ಟಾದ ಮೇಲೆ ಅರ್ಥಕ್ಕೆ ಬರೋಣ. ನನ್ನ ಅಭಿಪ್ರಾಯ ಕೇಳಿದರೆ, ಒಡಹುಟ್ಟಿದವರ ಹೆಸರು ಹೊಂದಬೇಕಾದ ಜಾಗ ಇದು. ಧ್ವನಿಯಲ್ಲಿ ದೂರ, ಅರ್ಥದಲ್ಲಿ ನೆಂಟಸ್ತಿಕೆ. ಕಾವೇರಿ ಮತ್ತು ತುಂಗಾ ಇಬ್ಬರೂ ನದಿಗಳು. ಕಲ್ಯಾಣಿ ಮತ್ತು ಭೈರವಿ ಇಬ್ಬರೂ ರಾಗಗಳು, ಸಂಗೀತದ ಮನೆಗೆ ಹೇಳಿ ಮಾಡಿಸಿದ ಹೆಸರುಗಳು. ಬಸವಣ್ಣನವರ ಅಕ್ಕನ ಹೆಸರು ನಾಗಮ್ಮ. ಒಂದು ಬಸವ, ಒಂದು ನಾಗ, ಎರಡೂ ಶಿವನ ಬಳಿ ಇರುವಂಥವೇ. ಹಸನ್, ಹುಸೇನ್ ಎಂಬ ಜೋಡಿಯಲ್ಲಿ ಧ್ವನಿಯೂ ಅರ್ಥವೂ ಹತ್ತಿರ. ಅರಬ್ಬಿಯಲ್ಲಿ ಹುಸೇನ್ ಎಂದರೆ 'ಪುಟ್ಟ ಹಸನ್'. ಪ್ರವಾದಿಯವರ ಮೊಮ್ಮಕ್ಕಳ ಹೆಸರಾದ್ದರಿಂದ ಆ ಜೋಡಿಗೆ ಬೇರೆಯೇ ಗೌರವವಿದೆ.

ಅರ್ಥದಲ್ಲೂ ಅಪಾಯಗಳುಂಟು. ಅಕ್ಕನಿಗೆ ಶ್ವೇತಾ ಎಂದಿಟ್ಟು ತಂಗಿಗೆ ಶ್ಯಾಮಲಾ ಎಂದಿಡುವವರಿದ್ದಾರೆ. ಒಂಟಿಯಾಗಿ ಎರಡೂ ಒಳ್ಳೆಯ ಹೆಸರು. ಪಕ್ಕಪಕ್ಕದಲ್ಲಿ ಇಟ್ಟರೆ ಮನೆಗೆ ಬಂದವರೆಲ್ಲ ಇಬ್ಬರ ಮೈಬಣ್ಣವನ್ನು ಒಮ್ಮೆ ನೋಡುತ್ತಾರೆ. ಆ ನೋಟವನ್ನು ಮಗು ಐದನೆಯ ವಯಸ್ಸಿಗೇ ಗುರುತಿಸುತ್ತದೆ. ಇನ್ನು ಲವ ಎಂದು ಮೊದಲನೆಯವನಿಗೆ ಇಟ್ಟರೆ ಊರೆಲ್ಲ ಕುಶನಿಗಾಗಿ ಕಾಯುತ್ತದೆ. ಹುಟ್ಟಿದ್ದು ಹೆಣ್ಣುಮಗುವಾದರೆ, 'ಅಯ್ಯೋ, ಕುಶ ಬರಲಿಲ್ಲವೇ' ಎಂಬ ಮಾತು ಅವಳ ತೊಟ್ಟಿಲ ಮೇಲೇ ಹಾರಾಡುತ್ತದೆ. ವಾಲ್ಮೀಕಿಯಲ್ಲಿ ಹಿರಿಯವನು ಕುಶ, ಕಿರಿಯವನು ಲವ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ದರ್ಭೆಯ ಕಟ್ಟಿನ ಮೇಲ್ಭಾಗದಿಂದ ಮೊದಲು ಹುಟ್ಟಿದವನನ್ನು, ಕೆಳಭಾಗದಿಂದ ಎರಡನೆಯವನನ್ನು ಒರೆಸಿದ್ದರಿಂದ ಬಂದ ಹೆಸರುಗಳು ಅವು.

ಹಿಂದೆ ಹುಟ್ಟಿದ ಮಕ್ಕಳನ್ನು ನೋಡಿ ಮುಂದಿನ ಮಗುವಿಗೆ ಹೆಸರಿಡುವ ಕಹಿಯಾದ ರೀತಿಯೂ ನಮ್ಮಲ್ಲಿತ್ತು. ಮೊದಲ ಮಕ್ಕಳು ಉಳಿಯದ ಮನೆಯಲ್ಲಿ ಆಮೇಲೆ ಹುಟ್ಟಿದವನಿಗೆ ತಿಪ್ಪ, ಕಲ್ಲ ಎಂದಿಡುತ್ತಿದ್ದರು, ಸಾವಿನ ಕಣ್ಣು ತಾಗದಿರಲಿ ಎಂದು. ಅದರಲ್ಲಿ ತಾಯಿಯ ಭಯವಿದೆ, ಪ್ರೀತಿಯಿದೆ. ಸಾಲಾಗಿ ಹೆಣ್ಣುಮಕ್ಕಳೇ ಹುಟ್ಟಿದ ಮನೆಯಲ್ಲಿ ಕೊನೆಯವಳಿಗೆ ಸಾಕಮ್ಮ ಎಂದಿಟ್ಟದ್ದನ್ನು ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. 'ಸಾಕು' ಎಂದರೆ ಸಲಹು ಎಂಬ ಅರ್ಥವೂ ಕನ್ನಡದಲ್ಲಿದೆ ನಿಜ. ಆದರೆ ನಾಲ್ಕನೆಯ ಹೆಣ್ಣುಮಗುವಿನ ತೊಟ್ಟಿಲ ಬಳಿ ಯಾರೂ ಆ ಅರ್ಥವನ್ನು ನೆನೆಯುತ್ತಿರಲಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಇಂಥ ಹೆಣ್ಣುಮಕ್ಕಳಿಗೆ 'ನಕುಶಾ', ಅಂದರೆ ಬೇಡವಾದವಳು, ಎಂದು ಹೆಸರಿಡುತ್ತಿದ್ದರು. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯ ಆಡಳಿತ ಅಂಥ 285 ಹುಡುಗಿಯರನ್ನು ಒಂದೆಡೆ ಸೇರಿಸಿ, ಅವರು ಆರಿಸಿಕೊಂಡ ಹೊಸ ಹೆಸರಿನ ಪ್ರಮಾಣಪತ್ರ ಕೊಟ್ಟಿತು. ಅವರಲ್ಲಿ ನಿಮ್ಮ ವಯಸ್ಸಿನವರೂ ಇದ್ದರು. ಶಾಲೆಯಲ್ಲಿ ಹಾಜರಿ ಕರೆದಾಗಲೆಲ್ಲ 'ಬೇಡವಾದವಳು' ಎಂಬುದಕ್ಕೆ 'ಹಾಜರ್' ಎಂದು ಉತ್ತರ ಕೊಟ್ಟು ಬೆಳೆದವರು.

ಕಾಗದಪತ್ರದ ಮಾತನ್ನೂ ಆಡಬೇಕು. ಹಳೆಯ ಮೈಸೂರಿನ ಕಡೆ ನಮಗೆ ಮನೆತನದ ಹೆಸರು ಇಲ್ಲ, ಊರಿನ ಅಕ್ಷರ, ತಂದೆಯ ಅಕ್ಷರ, ಆಮೇಲೆ ನಮ್ಮ ಹೆಸರು. ಒಡಹುಟ್ಟಿದವರಿಗೆ ಮೊದಲ ಎರಡು ಅಕ್ಷರಗಳು ಹೇಗೂ ಒಂದೇ. ಹೆಸರೂ ಹತ್ತಿರವಾದರೆ ಬ್ಯಾಂಕಿನವರ, ಅಂಚೆಯವರ ತಪ್ಪಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಅವಳಿಗಳಾದರೆ ಹುಟ್ಟಿದ ದಿನಾಂಕವೂ ಒಂದೇ. ಆಸ್ಪತ್ರೆಯಲ್ಲಿ ಇದು ಬರಿಯ ತಮಾಷೆಯ ವಿಷಯವಲ್ಲ. ನ್ಯೂಯಾರ್ಕಿನ ಶಿಶು ತೀವ್ರ ನಿಗಾ ಘಟಕಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹೆಸರಿಡದ ಮಕ್ಕಳನ್ನೆಲ್ಲ 'ಗಂಡುಮಗು', 'ಹೆಣ್ಣುಮಗು' ಎಂದೇ ಬರೆಯುವುದನ್ನು ಬಿಟ್ಟು, ತಾಯಿಯ ಹೆಸರು ಸೇರಿಸಿ 'ಇಂಥವರ ಮಗ' ಎಂದು ಬರೆದಾಗ, ಒಂದು ಮಗುವಿನ ಔಷಧವನ್ನು ಇನ್ನೊಂದರ ಹೆಸರಿಗೆ ಬರೆಯುವಂಥ ತಪ್ಪುಗಳು ಶೇಕಡ 36ರಷ್ಟು ಇಳಿದವು. ಚೀಟಿಯ ಮೇಲಿನ ನಾಲ್ಕು ಅಕ್ಷರ ಮಾಡಿದ ಕೆಲಸ ಅದು.

ನಮ್ಮ ದೇಶದಲ್ಲಿ 1969ರ ಕಾಯ್ದೆಯಂತೆ ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಆದರೆ ಆಗ ಹೆಸರು ಇರಲೇಬೇಕೆಂದಿಲ್ಲ. ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ ವಿಳಂಬ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲು, ವಾಹನ ಚಾಲನಾ ಪರವಾನಗಿಗೆ, ಮತದಾರರ ಪಟ್ಟಿಗೆ ಹುಟ್ಟಿದ ದಿನ ಮತ್ತು ಸ್ಥಳದ ದಾಖಲೆ ಜನನ ಪ್ರಮಾಣಪತ್ರವೇ. ಹಾಗಾಗಿ ಆಸ್ಪತ್ರೆಯ ಬಾಗಿಲಲ್ಲೇ ಅವಸರದಿಂದ ಪ್ರಾಸದ ಹೆಸರೊಂದನ್ನು ಬರೆಸಬೇಕಾಗಿಲ್ಲ. ನಾಲ್ಕು ದಿನ ಮನೆಯಲ್ಲಿ ಕೂಗಿ ನೋಡಿ. ಅಡುಗೆಮನೆಯಿಂದ ಎರಡೂ ಹೆಸರನ್ನು ಒಬ್ಬರು ಕರೆಯಲಿ, ಬೀದಿಯ ತುದಿಯಲ್ಲಿ ಇನ್ನೊಬ್ಬರು ನಿಂತು ಯಾವುದು ಕೇಳಿಸಿತೆಂದು ಹೇಳಲಿ. ಎರಡನ್ನೂ ಮೊಟಕು ಮಾಡಿ ನೋಡಿ. ರಾಜೇಶ, ರಾಜೀವ ಇಬ್ಬರೂ ವಾರದೊಳಗೆ ರಾಜು ಆಗುತ್ತಾರೆ. ಇಂಗ್ಲಿಷಿನಲ್ಲಿ ಬರೆದು ನೋಡಿ. ಕೊನೆಗೆ ಹೊಸ ಹೆಸರನ್ನು ಒಂಟಿಯಾಗಿ, ಅಣ್ಣನ ಹೆಸರಿಲ್ಲದೆ ಹೇಳಿ ನೋಡಿ. ಇಪ್ಪತ್ತು ವರ್ಷದ ನಂತರ ಆ ಹುಡುಗಿ ಬೇರೆ ಊರಿನಲ್ಲಿ ಉದ್ಯೋಗಕ್ಕೆ ಸೇರುವಾಗ ಅಣ್ಣನ ಹೆಸರು ಅವಳ ಜೊತೆ ಹೋಗುವುದಿಲ್ಲ.

ಒಬ್ಬರ ಅಭಿಪ್ರಾಯ ಕೇಳುವುದನ್ನು ಎಲ್ಲರೂ ಮರೆಯುತ್ತಾರೆ, ಮೂರು ವರ್ಷದ ಆ ಅಣ್ಣನದು. ಈ ಹೆಸರನ್ನು ಲೋಕದಲ್ಲಿ ಅತಿ ಹೆಚ್ಚು ಸಲ ಕೂಗುವವನು ಅವನೇ. ಮಕ್ಕಳ ಬಾಯಿಗೆ ರಕಾರ, ಶಕಾರ, ಒತ್ತಕ್ಷರಗಳು ತಡವಾಗಿ ಬರುತ್ತವೆ. 'ಪ್ರಾರ್ಥನಾ' ಎಂದು ಹಿರಿಯರೆಲ್ಲ ಸೇರಿ ತೀರ್ಮಾನಿಸಿ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದಿರುತ್ತಾರೆ. ಅವನು ತೊಟ್ಟಿಲು ಹಿಡಿದು ನಿಂತು 'ಪಾತನಾ' ಎನ್ನುತ್ತಾನೆ. ಮಾರನೆಯ ದಿನ 'ಪಾತು'. ಮೂರು ತಿಂಗಳಿಗೆ ಅಜ್ಜಿಯಿಂದ ಹಿಡಿದು ಹಾಲಿನವನವರೆಗೆ ಎಲ್ಲರ ಬಾಯಲ್ಲೂ ಅವಳು ಪಾತು.